ದಡ್ಡ ವಿದ್ಯಾರ್ಥಿನಿಯ ಪಾಠ

ಎಸ್ಪೆರಾಂಟೊ ಭಾಷೆಯ ಶಿಕ್ಷಕರ ಅಂತಾರಾಷ್ಟ್ರೀಯ ಸಂಘವು ಆ ವರ್ಷದ ಬೇಸಿಗೆ ಸಮ್ಮೇಳನವನ್ನು ಹಾರ್ಲಿಂಗೆನ್ ಎಂಬ ಬಂದರು ಊರಿನಲ್ಲಿ ನಡೆಸುವುದೆಂದು ಎರಡು ವರ್ಷ ಮೊದಲೇ ನಿಶ್ಚಯವಾಗಿತ್ತು. ಮಾದರಿ ಪಾಠ ಆ ಊರಿನ ರೀಂಕನದು ಎಂಬುದೂ ನಿಶ್ಚಯವಾಗಿತ್ತು. ಫೆಬ್ರವರಿಯಲ್ಲಿ ರೀಂಕನನ್ನು ದೇವರು ಕರೆದುಕೊಂಡ. ಸಮ್ಮೇಳನ ಮಾತ್ರ ಹೇಳಿದ ದಿನಕ್ಕೇ ಬಂದು ನಿಂತಿತು.

ಅವನ ಹೆಂಡತಿ ಹಿಸ್ಕೆಗೆ ಎಪ್ಪತ್ತೊಂದು ವರ್ಷ. ಮೂವತ್ತು ಸಮ್ಮೇಳನಗಳಲ್ಲಿ ಗಂಡನ ಮಾದರಿ ಪಾಠಕ್ಕೆ ಕೂತವಳು. ಒಮ್ಮೆಯೂ ಪಾಠ ಹೇಳಿದವಳಲ್ಲ. ಮಾದರಿ ಪಾಠವೆಂದರೆ, ಆ ಭಾಷೆಯ ಗಂಧವೇ ಇಲ್ಲದ ಹತ್ತು ಹನ್ನೆರಡು ಮಂದಿ ಊರಿನವರನ್ನು ಕೂರಿಸಿ, ಒಂದು ಗಂಟೆ ಆ ಭಾಷೆಯಲ್ಲಿಯೇ ಕಲಿಸುವುದು. ಗಂಟೆ ಬಾರಿಸುವವರೆಗೆ ಬೇರೆ ಮಾತು ಯಾರ ಬಾಯಲ್ಲೂ ಬರಕೂಡದು. ಕೂತವರಿಗೆ ನಾಚಿಕೆ, ಬಾಯಿ ಬಿಡುವುದಿಲ್ಲ. ಆಗ ಅವರ ನಡುವೆ ಏನೂ ಅರಿಯದವಳಂತೆ ಕೂತ ಹಿಸ್ಕೆ ಎದ್ದು ಸೇಬನ್ನು ಟೋಪಿ ಎನ್ನುವಳು, ಮೇಜನ್ನು ಬೆಕ್ಕು ಎನ್ನುವಳು. ಇವಳಿಗಿಂತ ನಾವೇ ವಾಸಿ ಎಂದು ಉಳಿದವರಿಗೆ ಧೈರ್ಯ ಬರುವುದು.

ಪಾಠದ ದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಸಂಘದ ಅಧ್ಯಕ್ಷೆ, ಪೋಲೆಂಡಿನ ಯಾದ್ವಿಗಾ, ಅವಳ ಪಕ್ಕ ಬಂದು ಕೂತಳು. ಹಳೆಯ ಗೆಳತಿ.

"ಪಾಠ ನೀನೇ ಹೇಳ್ತೀಯಲ್ಲ?"

"ನಾನಾ? ಮೂವತ್ತು ವರ್ಷದಿಂದ ಫೇಲಾಗ್ತಾ ಬಂದೋಳು ನಾನು, ಮಾರಾಯ್ತಿ."

"ಅಷ್ಟು ಅನುಭವ ನಮ್ಮ ಸಂಘದಲ್ಲಿ ಇನ್ಯಾರಿಗಿದೆ ಹೇಳು?"

"ತಮಾಷೆ ಸಾಕು. ನನ್ನ ಎದೆ ಡವಡವ ಅಂತಿದೆ."

ಎದೆ ಹೊಡೆದುಕೊಳ್ಳಲು ಕಾರಣವಿತ್ತು. ರೀಂಕ್ ಊರಿನ ಗ್ರಂಥಾಲಯದಲ್ಲಿ ಪ್ರತಿ ಮಂಗಳವಾರ ಸಂಜೆ ನಡೆಸುತ್ತಿದ್ದ ತರಗತಿ ಅವನ ನಂತರ ನಿಂತುಹೋಗಿತ್ತು. ಆ ಕೋಣೆ ಬೇಕೆಂದು ಚದುರಂಗದವರು ಕಾದಿದ್ದರು. ಇಂದಿನ ಪಾಠ ಮುಗಿಯುವಾಗ ಹತ್ತು ಜನ ಹೆಸರು ಬರೆಸಿದರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಕೋಣೆ ಅವರಿಗೆ ಎಂದು ಗ್ರಂಥಾಲಯದವರು ಹೇಳಿಬಿಟ್ಟಿದ್ದರು.

ಆ ಕೋಣೆಗೇ ಊರಿನ ಹನ್ನೆರಡು ಜನ ಪಾಠಕ್ಕೆ ಬಂದರು. ಅವರ ಬೆನ್ನ ಹಿಂದೆ ನಾನಾ ದೇಶಗಳ ನಲವತ್ತು ಶಿಕ್ಷಕರು ಪುಸ್ತಕ ಬಿಚ್ಚಿಕೊಂಡು ಕೂತರು. ಕೊನೆಗೆ ಒಪ್ಪಿದ್ದ ಹಿಸ್ಕೆ, ರೀಂಕ್ ಮೊದಲೇ ಬರೆದಿಟ್ಟಿದ್ದ ಪಾಠದ ಹಾಳೆಯನ್ನು ಮೇಜಿನ ಮೇಲಿಟ್ಟು ಸೇಬನ್ನು ಎತ್ತಿ ಹಿಡಿದಳು.

"ಪೋಮೊ."

ಯಾರೂ ಉಸಿರೆತ್ತಲಿಲ್ಲ. ಬೇಕರಿಯ ಆಂತ್ಯೆ ತನ್ನ ಉಗುರು ನೋಡಿಕೊಂಡಳು. ಊರಿಗೆ ಹೊಸಬನಾದ ದೋಣಿಯವನು ವೀಬೆ ಕೈಕಟ್ಟಿ ಕೂತಿದ್ದ. ಹಿಸ್ಕೆ ಟೋಪಿ ತೋರಿಸಿದಳು, "ಚಪೇಲೋ" ಎಂದಳು. ಕಾಲು ಗಂಟೆ ಹೀಗೇ ಕಳೆಯಿತು. ಕಿಟಕಿಯಾಚೆ ಚದುರಂಗದ ಮುಖಂಡ ಬಂದು ಒಮ್ಮೆ ಇಣುಕಿ ಹೋದ.

ದೇವರೇ, ನನ್ನನ್ನು ಇಲ್ಲಿ ತಂದು ನಿಲ್ಲಿಸಿದವನು ನೀನು, ನೀನೇ ದಾರಿ ತೋರಿಸು ಎಂದು ಮನಸ್ಸಿನಲ್ಲಿಯೇ ಬೇಡಿಕೊಂಡು ಅವಳು ಹಾಳೆಯ ಕಡೆ ಕಣ್ಣು ಹಾಯಿಸಿದಳು. ರೀಂಕನ ದುಂಡಗಿನ ಅಕ್ಷರದಲ್ಲಿ ಮುಂದಿನ ಸಾಲು ಹೀಗಿತ್ತು: "ಇಲ್ಲಿ ಹಿಸ್ಕೆ ತಪ್ಪು ಮಾಡುವುದು."

ಅವಳಿಗೆ ನಗು ಬಂತು. ಹಾಳೆಯನ್ನು ಬದಿಗೆ ಸರಿಸಿದಳು. ಟೋಪಿಯನ್ನು ಎರಡು ಕೈಯಲ್ಲಿ ಎತ್ತಿ "ಪೋಮೊ!" ಎಂದು ಅದರ ಅಂಚನ್ನು ಕಚ್ಚಿದಳು. ಅಗಿಯುತ್ತಾ, ಬಹಳ ರುಚಿ ಎಂಬಂತೆ ಕಣ್ಣು ಮುಚ್ಚಿದಳು.

ಆಂತ್ಯೆಗೆ ತಡೆಯಲಾಗಲಿಲ್ಲ. "ಚಪೇಲೋ! ಚಪೇಲೋ!" ಎಂದು ಕೂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಹಿಸ್ಕೆ ಬೆಪ್ಪಾಗಿ ಸೇಬನ್ನು ತಲೆಯ ಮೇಲಿಟ್ಟುಕೊಂಡಳು. ಆಗ ಹನ್ನೆರಡು ಜನವೂ ಒಟ್ಟಿಗೆ ಗದರಿದರು. ಆಮೇಲೆ ಅವರನ್ನು ಹಿಡಿಯುವವರಿಲ್ಲ. ಶಿಕ್ಷಕಿಗೆ ಪಾಠ ಹೇಳುವ ಸುಖ ಯಾರಿಗೆ ಬೇಡ? ಅರ್ಧ ಗಂಟೆಯೊಳಗೆ ಟೋಪಿ ಎಲ್ಲಿ, ಕಪಾಟಿನ ಮೇಲೆ; ಆಂತ್ಯೆ ಎಲ್ಲಿ, ಕಿಟಕಿಯ ಹತ್ತಿರ ಎಂದು ತಾವೇ ಕೇಳಿ ತಾವೇ ಹೇಳತೊಡಗಿದರು.

ವೀಬೆಯ ಸರದಿ ಬಂತು. ಅವನು ಮೇಜಿನ ಬಳಿ ಬಂದು ಹಾಳೆಯ ತುದಿಯಲ್ಲಿದ್ದ ಹೆಸರನ್ನು ನೋಡಿ, ಕಲಿತ ಭಾಷೆಯಲ್ಲಿ ಗಟ್ಟಿಯಾಗಿ ಕೇಳಿದ: "ರೀಂಕ್ ಎಲ್ಲಿ?"

ಹಿಸ್ಕೆ ಆಕಾಶದ ಕಡೆ ಕೈ ತೋರಿಸಿದಳು. "ಮೇಲೆ."

ವೀಬೆಗೆ ಅರ್ಥವಾಯಿತು. ಮುಖ ಕೆಂಪಾಯಿತು. ಗಂಟೆ ಇನ್ನೂ ಬಾರಿಸಿರಲಿಲ್ಲ. ಇದ್ದ ನಾಲ್ಕು ಶಬ್ದಗಳಲ್ಲಿ ತಡಕಾಡಿ, ಕೊನೆಗೆ ಮೆಲ್ಲಗೆ ಹೇಳಿದ: "ಮೇಲೆ. ಒಳ್ಳೆಯದು."

"ಒಳ್ಳೆಯದು" ಎಂದಳು ಹಿಸ್ಕೆ.

ಗಂಟೆ ಬಾರಿಸಿದ್ದೇ ತಡ, ಆಂತ್ಯೆ ವೀಬೆಯ ಮೇಲೆ ರೇಗಿದಳು.

"ಅಲ್ಲಯ್ಯಾ, ಅಷ್ಟು ಹೊತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಬಿಚ್ಚಿದ್ರೆ ಇದೇನಾ ಕೇಳೋದು?"

"ನಂಗೇನ್ ಗೊತ್ತು? ಇಲ್ಲೇ ಯಾರೋ ಕೂತಿದಾರೆ ಅಂದ್ಕೊಂಡೆ!"

"ಅವನನ್ನ ಬೈಬೇಡ ಆಂತ್ಯೆ," ಎಂದಳು ಹಿಸ್ಕೆ. "ರೀಂಕ್ ಹೋಗಿ ಆರು ತಿಂಗಳಾಯ್ತು. ನೀವೆಲ್ಲ ನನ್ನ ಕಂಡ್ರೆ ಹವಾ ಹೇಗಿದೆ, ಮೀನು ಹೇಗಿದೆ ಅಂತ ಕೇಳ್ತೀರಿ. ಅವನ ಹೆಸರು ಹೇಳಿದೋನು ಇವನೊಬ್ಬನೇ."

ಆಂತ್ಯೆ ಕಣ್ಣೊರೆಸಿಕೊಂಡು ಮೊದಲು ತಾನೇ ಹೆಸರು ಬರೆದಳು. ಒಬ್ಬರ ಹಿಂದೊಬ್ಬರು ಹನ್ನೊಂದು ಹೆಸರುಗಳಾದವು. ಹನ್ನೆರಡನೆಯವನು, "ಮಂಗಳವಾರ ನಂಗೆ ಚದುರಂಗ ಇದೆ, ಇಲ್ಲಿ ಎಷ್ಟು ಜನ ಸೇರ್ತಾರೆ ನೋಡ್ಕೊಂಡು ಬಾ ಅಂತ ಅವ್ರೇ ಕಳ್ಸಿದ್ರು" ಎಂದು ಒಪ್ಪಿಕೊಂಡಾಗ ನಲವತ್ತು ಶಿಕ್ಷಕರೂ ನಕ್ಕರು.

"ಕಲಿಸೋರ ಹೆಸರು ಯಾರದು?" ಎಂದು ಗ್ರಂಥಾಲಯದ ಹುಡುಗಿ ಕೇಳಿದಳು.

ಹಿಸ್ಕೆ ಲೇಖನಿ ತೆಗೆದುಕೊಂಡು ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಆಮೇಲೆ ತಲೆಯೆತ್ತಿ, "ಮಂಗಳವಾರ ಏಳು ಗಂಟೆಗೆ ಸರಿಯಾಗಿ. ತಡವಾದೋರು ಹೊರಗೆ" ಎಂದಳು.

"ನನ್ನ ದೋಣಿ ದಡ ಸೇರೋದೇ ಏಳಕ್ಕೆ, ಟೀಚರಮ್ಮಾ!" ಎಂದ ವೀಬೆ.

"ಹಾಗಾದ್ರೆ ಏಳೂವರೆ."