ಬಿಳಿ ಗೆರೆ

ಗೋಡೆಯ ಮೊಳೆಗೆ ನೇತುಹಾಕಿದ್ದ ತೊಗಲಿನ ಹಗ್ಗವನ್ನು, ಬಾವಿಯ ಮಿಣಿಯನ್ನು, ಕಂಡದ್ದೇ ತಡ, ಗಾದಿಲಿಂಗಪ್ಪನ ಕಾಲುಗಳು ಹೊಸ್ತಿಲಲ್ಲೇ ನಿಂತವು. ಹಿಂದೆ ಬರುತ್ತಿದ್ದ ಹೆಂಡತಿ ಕನಕಮ್ಮ ಅವನ ಬೆನ್ನಿಗೆ ಮುಗ್ಗರಿಸಿದಳು.

"ಏನಾತ್ರಿ? ಬಾಗಿಲದಾಗ ನಿಂತುಬಿಟ್ರಲ್ಲ."

"ಏನಿಲ್ಲ. ಕಣ್ಣಿಗೆ ಕತ್ತಲಿ ಬಂದಂಗಾತು."

ಕತ್ತಲೆ ಎಲ್ಲಿಂದ ಬರಬೇಕು? ಹನ್ನೊಂದು ಗಂಟೆಯ ಬಿಸಿಲು ಕಿಟಕಿಯಿಂದ ನೇರವಾಗಿ ಆ ಮಿಣಿಯ ಮೇಲೆಯೇ ಬಿದ್ದಿತ್ತು. ಮೂರೆಳೆಯ ಹೆಣಿಗೆ, ನಾಲ್ಕು ಮಡಿಕೆಗೊಮ್ಮೆ ಒಂದೆಳೆಯನ್ನು ಒಳಕ್ಕೆ ತಿರುಗಿಸಿ ಬಿಗಿದದ್ದು. ಸುತ್ತಲಿನ ಹತ್ತು ಹಳ್ಳಿಯಲ್ಲಿ ಹಾಗೆ ಹೆಣೆಯುತ್ತಿದ್ದವನು ಒಬ್ಬನೇ, ಅವನ ಅಪ್ಪ ಹುಲುಗಪ್ಪ. ಮಿಣಿಯ ಕೆಳಗಿನ ತುದಿ ಹರಿದಿತ್ತು. ಅದನ್ನು ನೋಡಬಾರದೆಂದುಕೊಂಡರೂ ಗಾದಿಲಿಂಗಪ್ಪನ ಕಣ್ಣು ಅಲ್ಲಿಗೇ ಹೋಯಿತು.

"ಬರ್ರಿ ಬರ್ರಿ, ನಿಮ್ಮ ದಾರೀನ ಕಾಯ್ತಿದ್ದೆ," ಎಂದು ಹಾಲೇಶಪ್ಪ ಮೇಷ್ಟ್ರು ಒಳಗಿನಿಂದ ಬಂದರು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಕಾಲು ಚಾಚಿ ಕೂರುವ ಆಸಾಮಿಯಲ್ಲ ಅವರು. ಕೊಟ್ಟೂರಿನ ಹಳೇ ಹಾಸ್ಟೆಲ್ಲೊಂದರ ಎರಡು ಕೋಣೆಗೆ ಸುಣ್ಣ ಬಳಿಸಿ, ಊರೂರು ಸುತ್ತಿ, ಅಟ್ಟದ ಮೇಲೆ ಇಲಿಗಳ ಪಾಲಾಗುತ್ತಿದ್ದ ತೊಗಲಿನ ಸಾಮಾನುಗಳನ್ನು ಕಾಡಿ ಬೇಡಿ ತಂದು ಜೋಡಿಸಿದ್ದರು. ಬಾವಿಯಿಂದ ನೀರೆತ್ತುತ್ತಿದ್ದ ಕಪಿಲೆಯ ಚೀಲ, ಎತ್ತಿನ ಕೊರಳಪಟ್ಟಿ, ಹಿಮ್ಮಡಿ ಸವೆದ ಕೆರ, ತೊಗಲು ಕೊಯ್ಯುವ ರಂಪಿಗೆ, ಹೊಲಿಯುವ ದಾರಕ್ಕೆ ತಿಕ್ಕುವ ಕರಿ ಮೇಣದ ಉಂಡೆ, ಎಲ್ಲ ಇದ್ದವು. ಯಾವುದು ಯಾತಕ್ಕೆ ಎಂದು ಬರೆದು ಅಂಟಿಸಲು ಮಾತ್ರ ಮೇಷ್ಟ್ರಿಗೆ ತಿಳಿಯದು. ಅದಕ್ಕೇ ಕೂಡ್ಲಿಗಿಗೆ ಕಾರ್ಡು ಬರೆದು, ಸರ್ಕಾರಿ ಆಫೀಸಿನಲ್ಲಿ ಜವಾನನಾಗಿ ನಿವೃತ್ತನಾಗಿದ್ದ ಗಾದಿಲಿಂಗಪ್ಪನನ್ನು ಕರೆಸಿದ್ದರು. ಗೌರವದ ಕರೆ ಎಂದು ಕನಕಮ್ಮ ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದಳು.

ಬಸ್ಸಿನಲ್ಲಿ ಪಕ್ಕದ ಸೀಟಿನವಳಿಗೆ ಅವಳು ತನ್ನ ಮಾಮೂಲಿ ಕಥೆಯನ್ನೂ ಹೇಳಿ ಮುಗಿಸಿದ್ದಳು. "ಮದಿವಿಯಾದ ವರ್ಷ ಪಂಚಮಿಗೆ ತಂಬ್ರಹಳ್ಳಿ ತವರಿಗೆ ಹೋಗಿದ್ದೆ. ಎಂಟು ದಿನ ಬಿಟ್ಟು ಬರ್ತೀನಿ ಅಂದಿದ್ರು ನಮ್ಮ ಮನಿಯೋರು. ಆರನೇ ದಿನಕ್ಕ ಬಂದು ಅಂಗಳದಾಗ ನಿಂತಿದ್ರು ನೋಡವ್ವ." ನಲವತ್ತು ವರ್ಷದಿಂದ ಈ ಕಥೆ ನಡೆದಿತ್ತು. ಕೇಳಿದವರು ನಗುತ್ತಿದ್ದರು. ಗಾದಿಲಿಂಗಪ್ಪ ಕಿಟಕಿಯಾಚೆ ನೋಡುತ್ತಿದ್ದ. ಮುದುಕನಿಗೆ ಇನ್ನೂ ನಾಚಿಕೆ ಎಂದುಕೊಳ್ಳುತ್ತಿದ್ದರು ಜನ. ನಾಚಿಕೆಯಲ್ಲ, ಭಯ. ಆ ಎರಡು ದಿನದ ಲೆಕ್ಕವನ್ನು ಯಾರಾದರೂ ಕೇಳಿಯಾರು ಎಂಬ ಭಯ.

ಆ ವರ್ಷ ಪಂಚಮಿಗೆ ಅಪ್ಪ ಹಡಗಲಿಯ ನೆಂಟರ ಮನೆಗೆ ಹೋಗುತ್ತ, ಹದಕ್ಕೆ ಹಾಕಿದ್ದ ತೊಗಲನ್ನು ಮಗನಿಗೆ ಒಪ್ಪಿಸಿದ್ದ. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತಂಗಡಿ ತೊಗಟೆಯ ರಸ ತುಂಬಿ, ಹುಣಸೆ ಮರಕ್ಕೆ ತೂಗುಹಾಕಿತ್ತು. ತೊಗಲು ಎಂಟು ದಿನ ಆ ರಸ ಕುಡಿಯಬೇಕು. ಇಳಿಸುವ ಮೊದಲು ಅಂಚನ್ನು ಕೊಯ್ದು ನೋಡಬೇಕು. ಕೊಯ್ದ ಜಾಗ ಪೂರಾ ಕೆಂಪಗಿದ್ದರೆ ಹದ ಬಂತು. ನಡುವೆ ಬಿಳಿ ಗೆರೆ ಕಂಡರೆ ಒಳಗಿನ್ನೂ ಹಸಿ. ಗಾದಿಲಿಂಗಪ್ಪ ಆರನೇ ದಿನಕ್ಕೇ ಇಳಿಸಿದ. ಕೊಯ್ದು ನೋಡಲಿಲ್ಲ. ಬಿಳಿ ಗೆರೆ ಕಂಡರೆ ತಂಬ್ರಹಳ್ಳಿಗೆ ಹೋಗುವುದು ಬಿಟ್ಟು ಇನ್ನೆರಡು ದಿನ ಮರ ಕಾಯಬೇಕಲ್ಲ! "ಕೊಯ್ದು ನೋಡಿದ್ಯಾ?" ಎಂದು ಅಪ್ಪ ಕೇಳಿದಾಗ "ನೋಡೀನಪ್ಪಾ" ಎಂದುಬಿಟ್ಟ. ಅಪ್ಪ ನಂಬಿದ. ಆ ತೊಗಲಿನಿಂದಲೇ ಈ ಮಿಣಿ ಹೆಣೆದ.

ಮುಂದಿನ ಬೇಸಿಗೆಯಲ್ಲಿ ಅದು ಹರಿಯಿತು. ಬಾವಿಯ ಹೂಳು ತೆಗೆದು, ಎತ್ತು ಎಳೆಯುತ್ತಿದ್ದ ಮಿಣಿ ಹಿಡಿದು ಮೇಲೆ ಬರುತ್ತಿದ್ದ ಮರುಳಸಿದ್ಧ ಎಂಬ ಹರೆಯದವನು ಕಲ್ಲಿನ ಮೇಲೆ ಬಿದ್ದು ಸತ್ತ. ಅಪ್ಪನನ್ನು ಚಾವಡಿಗೆ ಕರೆಸಿದರು. ಹರಿದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಪ್ಪ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದು, ದೂರದಲ್ಲಿ ನಿಂತಿದ್ದ ಗಾದಿಲಿಂಗಪ್ಪನಿಗೆ ಕಾಣುತ್ತಿತ್ತು. ಆಮೇಲೆ ಅಪ್ಪ, "ತೊಗಲಿಗೆ ಹುಳ ಬಿದ್ದಿತ್ತು, ನಾನು ನೋಡ್ಲಿಲ್ಲ. ತಪ್ಪು ನಂದ," ಎಂದ. ಮನೆಮಂದಿಯೆಲ್ಲ ಊರು ಬಿಟ್ಟರು. ಹುಲುಗಪ್ಪ ಮತ್ತೆ ರಂಪಿಗೆ ಮುಟ್ಟಲಿಲ್ಲ. ಸಾಯುವ ತನಕ ರಸ್ತೆ ಬದಿಯಲ್ಲಿ ಜಲ್ಲಿ ಒಡೆದ. ಮಗನೋ, ಆ ಹುಳದ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬದುಕಿದ. ಹುಳವೇ ಇದ್ದೀತು, ತನ್ನ ಎರಡು ದಿನ ಅಲ್ಲದೇ ಇದ್ದೀತು.

"ಮೇಷ್ಟ್ರೇ, ಬಂದ್ರಾ ಅವರು?" ಎಂಬ ದನಿ ಬಾಗಿಲಲ್ಲಿ ಕೇಳಿತು. ಬಡಿಗೆ ಊರಿಕೊಂಡು ಬಿಳಿ ಅಂಗಿಯ ಮುದುಕರೊಬ್ಬರು ಒಳಗೆ ಬಂದರು.

"ಇವರು ಗುರುಸಂಗಪ್ಪನೋರು," ಎಂದರು ಮೇಷ್ಟ್ರು. "ಆ ಮಿಣಿ ಕೊಟ್ಟೋರು. ಸುಮ್ನ ಕೊಟ್ಟಿಲ್ಲ ಮತ್ತ. ಅದು ಯಾಕ ಹರೀತು ಅಂತ ಕಸುಬು ಬಲ್ಲವರನ್ನ ಕೇಳಿ ಹೇಳಬೇಕು ಅಂತ ಕರಾರು ಹಾಕ್ಯಾರ."

ಗಾದಿಲಿಂಗಪ್ಪ ಗುರುತು ಹಿಡಿದ. ಸತ್ತವನ ತಮ್ಮ ಇವನು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಡಲೇ ಎಂದುಕೊಂಡ. ಅಷ್ಟರಲ್ಲಿ ಮೇಷ್ಟ್ರು ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು.

"ಹುಲುಗಪ್ಪನ ಮಗ ಅಲ್ಲೇನು ನೀನು?" ಎಂದು ಕೇಳಿದ ಗುರುಸಂಗಪ್ಪ ಕುರ್ಚಿಯಲ್ಲಿ ಕೂತ ಮೇಲೆ, "ನೀವು," ಎಂದು ತಿದ್ದಿಕೊಂಡರು.

"ಹೌದ್ರಿ."

"ನೀವ ಬಂದಿದ್ದು ಚಲೋ ಆತು. ಅವತ್ತು ಎತ್ತು ಹೊಡೀತಿದ್ದಾಂವ ನಾನು. ತಪ್ಪು ನಂದ ಅಂತ ನಿಮ್ಮಪ್ಪ ಅಂದ, ಊರು ನಂಬಿತು. ನಮ್ಮವ್ವ ನಂಬಲಿಲ್ಲ. ಹುಳ ತಿಂದಿದ್ರ ತೂತು ಎಲ್ಲೈತಿ ತೋರ್ಸು ಅಂದ್ಲು. ಮಿಣಿ ತುಂಬ ಹುಡುಕೀನಿ, ಒಂದೂ ತೂತಿಲ್ಲ. ಹುಲುಗಪ್ಪನ ಮಿಣಿ ಹರಿಯಂಗಿಲ್ಲ, ನೀನ ಎತ್ತು ಜಗ್ಗಿಸಿ ಅಣ್ಣನ್ನ ಕೊಂದಿ ಅಂದ್ಲು. ಸಾಯೋತನ ನನ್ನ ಕೈಯಾಗ ನೀರು ಕುಡೀಲಿಲ್ಲ."

ಗುರುಸಂಗಪ್ಪ ಬಡಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ಎತ್ತು ಜಗ್ಗಿದ್ವೋ ಇಲ್ಲೋ ನನಗ ನೆನಪಿಲ್ಲ. ನೆನಸ್ಕೊಂಡು ನೆನಸ್ಕೊಂಡು, ಈಗ ಜಗ್ಗಿದ್ವು ಅಂತನ ಅನಸ್ತೈತಿ. ಏನಿದ್ರೂ ಹೇಳ್ರಿ. ಕೇಳಿಯೇ ಹೋಗ್ತೀನಿ."

ಮಿಣಿ ತೂಗುತ್ತಿದ್ದ ಗೋಡೆಯತ್ತ ಅವರು ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ತನ್ನ ಹಾಗೇ ಈ ಮನುಷ್ಯನೂ ಹೆದರಿದ್ದಾನೆ ಎಂಬುದು ಗಾದಿಲಿಂಗಪ್ಪನಿಗೆ ಆಗ ತಿಳಿಯಿತು. ತಿಳಿದು ಭಯ ಇನ್ನೂ ಹೆಚ್ಚಾಯಿತು.

ಮೇಷ್ಟ್ರು ಮಿಣಿಯನ್ನು ಇಳಿಸಿ ಅವನ ತೊಡೆಯ ಮೇಲಿಟ್ಟರು. ಮೇಜಿನ ಮೇಲಿನ ರಂಪಿಗೆಯನ್ನೂ ಕೊಟ್ಟರು. ಗಾದಿಲಿಂಗಪ್ಪ ಹರಿದ ತುದಿಯನ್ನು ಬೆಳಕಿಗೆ ಹಿಡಿದ. ಕಪ್ಪಗಿತ್ತು, ಗಟ್ಟಿಯಾಗಿತ್ತು. ಜಿಡ್ಡು ಧೂಳು ಕೂತಿರಬೇಕು ಎಂದುಕೊಂಡು ಉಗುರಿನಿಂದ ಕೆರೆದ. ಜಿಡ್ಡಲ್ಲ, ಮೇಣ. ಮೂರೂ ಎಳೆಗಳ ಬಾಯಿ ಮುಚ್ಚುವಂತೆ ಒತ್ತಿ ಮೆತ್ತಿದ ಮೇಣ.

ದಾರಕ್ಕೆ ಮೇಣ ತಿಕ್ಕುತ್ತಾರೆ. ಹರಿದ ತುದಿಗೆ ಯಾರೂ ಮೆತ್ತುವುದಿಲ್ಲ, ಒಳಗಿರುವುದನ್ನು ಮುಚ್ಚಿಡಬೇಕಾದಾಗಲ್ಲದೆ. ಅಪ್ಪನ ಧೋತರದ ಸೊಂಟದ ಗಂಟಿನಲ್ಲಿ ಸದಾ ಒಂದು ಮೇಣದ ಉಂಡೆ ಇರುತ್ತಿತ್ತು. ಚಾವಡಿಯಲ್ಲಿ ಅಷ್ಟು ಹೊತ್ತು ಮುಷ್ಟಿ ಬಿಗಿಹಿಡಿದು ಕೂತಿದ್ದು ಇದಕ್ಕೆ. ಎಲ್ಲರಿಗಿಂತ ಮೊದಲು ಅಪ್ಪ ಆ ಗೆರೆ ನೋಡಿದ್ದ. ನೋಡಿಯೂ ಆಮೇಲೆ ಹನ್ನೊಂದು ವರ್ಷ ಮಗನ ಎದುರು ಕೂತು ಮುದ್ದೆ ಮುರಿದಿದ್ದ. ಒಂದು ದಿನವೂ ಕೇಳಲಿಲ್ಲ.

ಗಾದಿಲಿಂಗಪ್ಪನಿಗೆ ಅಳು ಒತ್ತರಿಸಿ ಬಂತು. ಅದರ ಹಿಂದೆಯೇ ಭಯವೂ ಬಂತು. ಗೊತ್ತಾಗುವುದಿಲ್ಲ ಎಂದು ಮಿಣಿಯನ್ನು ವಾಪಸು ಕೊಟ್ಟರೆ ಮುಗಿಯಿತು. ಅಪ್ಪ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ. ಎದುರಿಗೆ ಗುರುಸಂಗಪ್ಪ ಅವನ ಮುಖವನ್ನೇ ನೋಡುತ್ತಿದ್ದರು.

ಅವನು ರಂಪಿಗೆಯನ್ನು ತುದಿಗೆ ಇಟ್ಟು ಒತ್ತಿದ. ಮೇಣದ ಬಿಲ್ಲೆ ಕಳಚಿ ಅಂಗೈಗೆ ಬಿತ್ತು. ಇನ್ನೊಂದು ಸಲ ಕೊಯ್ದ. ಕೆಂಪು ತೊಗಲಿನ ನಡುವೆ, ಹಳದಿಗೆ ತಿರುಗಿದ್ದರೂ ಎದ್ದು ಕಾಣುವ ಗೆರೆ.

"ಬಿಳಿ ಗೆರಿ ಐತ್ರಿ," ಎಂದ. ದನಿ ತನ್ನದಲ್ಲ ಎನಿಸಿತು.

"ಅಂದ್ರ?"

"ಹದ ಬಂದಿಲ್ಲ. ಒಳಗ ಹಸಿ ಇದ್ದಾಗ ಇಳಿಸ್ಯಾರ. ಎತ್ತು ಜಗ್ಗದಿದ್ರೂ ಹರೀತಿತ್ರಿ ಇದು."

ಗುರುಸಂಗಪ್ಪ ಕಣ್ಣು ಮುಚ್ಚಿದರು. ಆಮೇಲೆ, "ಅಷ್ಟು ದೊಡ್ಡ ಕಸುಬುದಾರ," ಎಂದರು. "ನಿಮ್ಮಪ್ಪ ಯಾಕ ಅಷ್ಟು ಅವಸರ ಮಾಡಿದ?"

"ನಮ್ಮಪ್ಪ ಅಲ್ರಿ. ಅಪ್ಪ ಊರಾಗ ಇರಲಿಲ್ಲ." ಗಾದಿಲಿಂಗಪ್ಪ ತಲೆ ಎತ್ತಲಿಲ್ಲ. "ಪಂಚಮಿ ಇತ್ತು. ಇಳಿಸಿದಾಂವ ನಾನು. ಎರಡು ದಿನ ಮೊದ್ಲ."

ಬಡಿಗೆ ಮೇಲೆದ್ದೀತು ಎಂದು ಅವನು ಕಾಯುತ್ತಿದ್ದ. ಅದು ಏಳಲಿಲ್ಲ. ಕೆರಗಳ ಮುಂದೆ ನಿಂತಿದ್ದ ಕನಕಮ್ಮ ಇತ್ತ ತಿರುಗಿದ್ದಳು. ಹೆಬ್ಬೆರಳಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಏನನ್ನೋ ಎಣಿಸುತ್ತಿದ್ದವಳು ಆರಕ್ಕೆ ನಿಂತಳು. ಆ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಂಡಳು.

ಗಾದಿಲಿಂಗಪ್ಪ ಮೇಣದ ಬಿಲ್ಲೆಯನ್ನು ಹಿಡಿದ ಮುಷ್ಟಿಯನ್ನು ಬಿಚ್ಚದೆ ಕೂತಿದ್ದ. ಅಂಗೈಯ ಬಿಸಿಗೆ ಅದು ಮೆತ್ತಗಾಗತೊಡಗಿತ್ತು.