ಹ್ಯಾಂಡಲ್ಲಿಗೆ ನೇತುಹಾಕಿದ ಬುಟ್ಟಿ

ಬೇಕರಿ ಗುಡ್ಡದ ಮೇಲೆ, ಗಿರಾಕಿಗಳ ಮನೆ ಕೆಳಗೆ. ಬ್ರೆಡ್ಡು ಬನ್ನು ಹೊತ್ತು ಗೇರ್ ಸೈಕಲ್ಲಿನಲ್ಲಿ ಇಳಿಯುತ್ತಿದ್ದ ಬೇಕರಿಯವನ ಹೆಂಡತಿ ಅದೇ ತಿರುವಿನಲ್ಲಿ ಮತ್ತೆ ಬಿದ್ದಳು. ಮಣಿಕಟ್ಟು ಊದಿಸಿಕೊಂಡು ಬಂದರೆ, ಗಂಡ ಮಹಾಶಯ ಮೊದಲು ನೋಡಿದ್ದು ಅವಳ ಕೈಯನ್ನಲ್ಲ, ಬನ್ನನ್ನು!

“ಎಲ್ಲಾ ಮಣ್ಣು! ನಾಳೆಯಿಂದ ನೀನು ಒಳಗೆ ಟ್ರೇ ತೊಳಿ. ಸೈಕಲ್ ನಾನೇ ತಗೊಂಡು ಹೋಗ್ತೀನಿ.”

“ಮುಂದೆ ಭಾರ ಎಳೆಯುತ್ತೆ ರೀ. ಹ್ಯಾಂಡಲ್ ನನ್ನ ಮಾತೇ ಕೇಳಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

ಅವಳಿಗೆ ಮೈಯೆಲ್ಲ ಉರಿಯಿತು. ಬಾಗಿಲು ಬಾಗಿಲು ತಟ್ಟಿ ಆ ಗಿರಾಕಿಗಳನ್ನು ಸಂಪಾದಿಸಿದವಳು ಅವಳು. ಅಂಗಡಿಯ ಹೆಸರು ಬರೆದ ದೊಡ್ಡ ಬುಟ್ಟಿಯನ್ನು ಎಲ್ಲರಿಗೂ ಕಾಣಲೆಂದು ಹ್ಯಾಂಡಲ್ಲಿಗೆ ನೇತುಹಾಕಿ, ಬಿಸ್ಕತ್ತಿನ ಡಬ್ಬಗಳನ್ನೂ ತುರುಕಿದವನು ಅವನು. ಬಿದ್ದರೆ ತಪ್ಪು ಮಾತ್ರ ಅವಳದು! ಇದು ಯಾವ ಊರಿನ ನ್ಯಾಯ?

ಸಂಜೆ ಗಂಡನ ಅಕ್ಕ ಬಂದಳು. ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸು, ದಿನವೂ ಸೈಕಲ್ಲಿನಲ್ಲೇ ಗುಡ್ಡ ಹತ್ತಿಳಿಯುವವಳು. ಕೈಗೆ ಪಟ್ಟಿ ಸುತ್ತುತ್ತಲೇ ಬುಟ್ಟಿ ನೋಡಿದಳು.

“ಲೋ, ಇದನ್ನ ಮುಂದೆ ಕಟ್ಟಿದ್ದು ಯಾರೋ? ಇಳಿಜಾರಲ್ಲಿ ಮೈಭಾರ ಹೇಗೂ ಮುಂದಕ್ಕೆ ಬರುತ್ತೆ, ಅದರ ಮೇಲೆ ಇದೊಂದು! ಹೀಗೆ ಹ್ಯಾಂಡಲ್ ದಾಟಿ ಹಾರಿದವರಿಗೇ ನಾವು ಪ್ಲಾಸ್ಟರ್ ಹಾಕಿ ಹಾಕಿ ಸಾಕಾಗಿದೆ.”

“ಬಿಡಕ್ಕಾ, ತುಳಿಯೋಕೆ ಗೊತ್ತಿದ್ರೆ ಎಲ್ಲಾ ಆಗುತ್ತೆ.”

“ಹಾಗಾದ್ರೆ ನೀವೇ ತುಳಿದು ತೋರಿಸಿ ರೀ,” ಎಂದಳು ಹೆಂಡತಿ.

ಅವನು ಮೀಸೆ ತಿರುವಿ, ಬುಟ್ಟಿಗೆ ಬನ್ನು ತುಂಬಿಕೊಂಡು ಹೊರಟೇಬಿಟ್ಟ. ಅಕ್ಕ ಓಡಿಹೋಗಿ ತನ್ನ ಹೆಲ್ಮೆಟ್ಟನ್ನು ಅವನ ತಲೆಗೆ ಹಾಕಿದ್ದು ಪುಣ್ಯ. ತಿರುವಿನಲ್ಲಿ ಹ್ಯಾಂಡಲ್ ತಾನಾಗಿಯೇ ವಾಲಿತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಂಡಿದ. ಹಿಂದಿನ ಚಕ್ರ ಮೇಲೆದ್ದಿತು, ಅವನು ಪೊದೆಯೊಳಗೆ ಹೋಗಿ ಬಿದ್ದ.

“ಕಲ್ಲಿತ್ತು ಕಣೇ,” ಎಂದ ಎದ್ದವನೇ, ಹಿಂದೆ ಓಡಿಬಂದ ಹೆಂಡತಿಗೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ!

“ಈಗ ನೆಲ ಡೊಂಕಾಯ್ತಾ ರೀ?”

ಬನ್ನುಗಳು ದಾರಿ ತುಂಬ ಉರುಳಿದ್ದವು. ಈ ಸಲ ಅವನು ಅವನ್ನು ನೋಡಲಿಲ್ಲ. ಅವಳ ಪಟ್ಟಿ ಸುತ್ತಿದ ಕೈ ನೋಡಿ, “ತುಂಬಾ ನೋಯ್ತಿದೆಯಾ?” ಎಂದ.

“ಈಗ ಕೇಳ್ತಿದ್ದೀರಾ!”

ಬುಟ್ಟಿ ಬಿಚ್ಚಿದವನೂ ಅವನೇ. ಅಕ್ಕ ಹೇಳಿದಂತೆ ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ, ಕೆಳಮಟ್ಟದಲ್ಲಿ, ಸಮ ತೂಕದ ಚೀಲಗಳನ್ನು ಬಿಗಿಯಾಗಿ ಕಟ್ಟಿದ.

“ಇಳಿಯುವಾಗ ಪೆಡಲ್ ಎರಡೂ ಒಂದೇ ಮಟ್ಟದಲ್ಲಿರಲಿ,” ಎಂದಳು ಅಕ್ಕ ಅವಳಿಗೆ. “ಸೀಟಿಂದ ಎದ್ದು ಸೊಂಟ ಹಿಂದಕ್ಕೆ ತಗೋ, ಮೊಣಕೈ ಸಡಿಲ ಬಿಡು. ತಿರುವು ಬರೋ ಮೊದಲೇ ಎರಡೂ ಬ್ರೇಕ್ ಮೆಲ್ಲಗೆ ಹಿಡಿ. ಹತ್ತುವಾಗ ಮುಂದಕ್ಕೆ ಬಾಗು, ಇಲ್ಲದಿದ್ರೆ ಮುಂದಿನ ಚಕ್ರ ಎದ್ದುಬಿಡುತ್ತೆ.”

ಕೈ ವಾಸಿಯಾದ ಮೇಲೆ ಅವಳು ಅದೇ ತಿರುವನ್ನು ಸಲೀಸಾಗಿ ಇಳಿದಳು. ಒಳಗೆ ಟ್ರೇ ತೊಳೆಯುತ್ತಿದ್ದ ಗಂಡ ಬಾಗಿಲಿಗೆ ಬಂದು ನೋಡಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸೈಕಲ್ಲಿನ ಹ್ಯಾಂಡಲ್ಲಿಗೆ ಏನು ನೇತಾಡುತ್ತಿದೆ? ಎದ್ದು ಹೋಗಿ ಈಗಲೇ ಬಿಚ್ಚಿ. ಮನೆಯವರು ಯಾರಾದರೂ ಬಿದ್ದು ಬಂದರೆ, ಬೈಯುವ ಮೊದಲು ಭಾರ ಎಲ್ಲಿ ಕಟ್ಟಿತ್ತೆಂದು ನೋಡಿ. ಅದಕ್ಕೂ ಮೊದಲು ಅವರ ಕೈ ನೋಡಿ.