ಚೊಚ್ಚಲ ಮಗುವಿನ ಹೆಸರು

ನಮ್ಮಲ್ಲಿ ಚೊಚ್ಚಲ ಮಗುವನ್ನು ಹೆತ್ತವಳು ಹಿರಿಯರೆದುರು ಅದರ ಹೆಸರು ಹಿಡಿದು ಕೂಗುವಂತಿಲ್ಲ, ಮುದ್ದಿಸುವಂತಿಲ್ಲ. ಅತ್ತರೂ ಕೇಳಿಸದವಳ ಹಾಗೆ ಇರಬೇಕು. ಇದಕ್ಕೆ ನಾಚಿಕೆ ಎಂದು ಹೆಸರು. ಎಂಥ ಸುಡುಗಾಡು ನಾಚಿಕೆಯೋ! ಆದರೆ ನಾನೂ ಪಾಲಿಸಿದವಳೇ. ಎರಡನೆಯದು ಹುಟ್ಟಿದ ಮೇಲಷ್ಟೇ ನನಗೆ ಬಾಯಿ ಬಂದದ್ದು. ನನ್ನ ಓರಗಿತ್ತಿ ಲಂತಾನಾಗೆ ಇದ್ದದ್ದು ಒಂದೇ ಹೆಣ್ಣುಮಗು, ಫುರೇರಾ. ಅದು ಅತ್ತೆಯ ಬೆನ್ನ ಮೇಲೆಯೇ ಬೆಳೆಯುತ್ತಿತ್ತು.

ಸೂಜಿ ಹಾಕುವ ರಕಿಯಾ ತಂಪುಪೆಟ್ಟಿಗೆ ಹೆಗಲಿಗೇರಿಸಿಕೊಂಡು ನಮ್ಮ ಅಂಗಳಕ್ಕೆ ಬಂದಾಗ ಅತ್ತೆ ಕಡಲೆಕಾಯಿ ಸುಲಿಯುತ್ತಿದ್ದರು.

"ಅಮ್ಮಾ, ದಡಾರ ಬರದ ಹಾಗೆ ಸೂಜಿ. ಮಕ್ಕಳನ್ನ ಕರೀರಿ."

"ಬೇಡ ಕಣಮ್ಮ. ಈ ಸೂಜಿಯಿಂದ ನಾಳೆ ನಮ್ಮ ಹುಡುಗೀಗೆ ಬಸಿರು ನಿಲ್ಲದಿದ್ರೆ ನೀನು ಹೆತ್ಕೊಡ್ತೀಯಾ?"

"ನಾನೂ ಚುಚ್ಚಿಸ್ಕೊಂಡೋಳೇ. ಮನೇಲಿ ನಾಲ್ಕು ಕುಣೀತಾವೆ. ಒಂದನ್ನ ಇಲ್ಲೇ ಬಿಟ್ಟೋಗ್ಲಾ?"

ಅತ್ತೆಗೂ ನಗು ಬಂತು. ಮನಸ್ಸು ಮಾತ್ರ ಕರಗಲಿಲ್ಲ. ನಾನು ಜಗಳವಾಡಿ ನನ್ನ ಕಿರಿಯ ಮಗ ಗರ್ಬಾನಿಗೆ ಚುಚ್ಚಿಸಿದೆ. "ಗಂಡುಮಗು ತಾನೆ, ನಿನ್ನ ಹಣೆಬರಹ" ಎಂದು ಅತ್ತೆ ಗೊಣಗಿದರು.

"ಈ ಪಾಪು ಯಾರದು? ತಾಯಿ ಹೂಂ ಅಂದ್ರೆ ಸಾಕು" ಎಂದಳು ರಕಿಯಾ, ಅತ್ತೆಯ ಬೆನ್ನಲ್ಲಿದ್ದ ಫುರೇರಾಳನ್ನು ತೋರಿಸಿ.

ಎಲ್ಲರೂ ಲಂತಾನಾಳನ್ನು ನೋಡಿದೆವು. ತನ್ನ ತಂಗಿ ದಡಾರದಲ್ಲೇ ಹೋದಳೆಂದು ಬಾವಿಕಟ್ಟೆಯಲ್ಲಿ ನನ್ನ ಮುಂದೆ ಅತ್ತಿದ್ದವಳು ಅವಳು. ಈಗ ಅತ್ತೆಯೆದುರು ಗೋಡೆಯ ಕಡೆ ಮುಖ ತಿರುಗಿಸಿದಳು. ಸೊಸೆಗೆ ಎಂಥ ನಾಚಿಕೆ ಎಂದು ಅತ್ತೆಗೆ ಹೆಮ್ಮೆ. ರಕಿಯಾ ಪೆಟ್ಟಿಗೆ ಮುಚ್ಚಿಕೊಂಡು ಹೋದಳು.

ಮರಳುಗಾಳಿ ಬೀಸುವ ಕಾಲಕ್ಕೆ ದಡಾರ ಊರಿಗೆ ಬಂತು. ಗರ್ಬಾ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಫುರೇರಾ ಮಲಗಿದಳು. ಗುಳ್ಳೆ ಪೂರ್ತಿ ಹೊರಗೆ ಬರಲೆಂದು ಅತ್ತೆ ಗುಡಿಸಲಿನ ಬಾಗಿಲು ಮುಚ್ಚಿ, ಹೊಗೆ ಹಾಕಿ, ಮೈಗೆ ನೀರು ಸೋಕಿಸದೆ ಕಾದರು. ಊಟ ನಿದ್ದೆ ಬಿಟ್ಟು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಅವರದೂ ಸುಳ್ಳು ಪ್ರೀತಿಯಲ್ಲ, ಅದೇ ನನ್ನ ಸಂಕಟ.

"ಆಸ್ಪತ್ರೆಗೆ ಒಯ್ಯೋಣ ಅತ್ತೆ" ಎಂದೆ.

"ಗಾಳಿ ಸೋಕಿದ್ರೆ ಗುಳ್ಳೆ ಒಳಗೋಗಿ ಕೊಲ್ಲುತ್ತೆ. ಸುಮ್ನಿರು."

ಹೊರಗೆ ಲಂತಾನಾ ಸಜ್ಜೆ ಕುಟ್ಟುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಒರಳಲ್ಲಿ ಕಾಳೇ ಇರಲಿಲ್ಲ. ಬರಿದೇ ಕುಟ್ಟುತ್ತಿದ್ದಳು, ಮಗುವಿನ ಏದುಸಿರು ಕಿವಿಗೆ ಬೀಳದಿರಲೆಂದು.

"ಅಕ್ಕಾ, ನೀನೇ ಇನ್ನೊಂದ್ಸಲ ಹೇಳು."

"ನನ್ನ ಮಾತು ನಡೀಲಿಲ್ಲ ಕಣೇ. ನೀನು ಹೆತ್ತೋಳು. ನೀನೇ ಬಾಯಿಬಿಡು!"

ಒನಕೆ ನೆಲಕ್ಕೆ ಬಿತ್ತು. ಮಾವ, ಮೈದುನರು ಅಂಗಳದಲ್ಲಿ ಕೂತಿರುವಾಗಲೇ ಅವಳು ಬಾಗಿಲು ತಳ್ಳಿ, "ಫುರೇರಾ!" ಎಂದು ಕೂಗಿದಳು. ಮಗು ಕಷ್ಟಪಟ್ಟು ಕಣ್ಣು ತೆರೆಯಿತು. ಆ ದನಿಯಲ್ಲಿ ತನ್ನ ಹೆಸರನ್ನು ಅದು ಕೇಳಿಯೇ ಇರಲಿಲ್ಲ. ಕೂಗಿದವಳನ್ನು ಬಿಟ್ಟು ಅಜ್ಜಿಯ ಮುಖ ನೋಡಿತು.

ಲಂತಾನಾ ಅದನ್ನು ಬಾಚಿಕೊಂಡು, ತಲೆಗೆ ಬಟ್ಟೆಯೂ ಇಲ್ಲದೆ ರಸ್ತೆಗೆ ಓಡಿದಳು. ಹಿಂದೆ ನಾನು. ಬಾಡಿಗೆ ಬೈಕು ಸಿಕ್ಕಿತು, ಮೂವರೂ ಏರಿದೆವು. ದಾರಿಯುದ್ದಕ್ಕೂ ಹೆಸರು ಕೂಗುತ್ತಲೇ ಇದ್ದಳು.

"ಯಾರ ಮಗು?" ಎಂದಳು ಆಸ್ಪತ್ರೆಯ ನರ್ಸ್.

"ನಂದು. ನನ್ನ ಮಗು. ನಾನೇ ಹೆತ್ತಿದ್ದು."

ನರ್ಸ್ ಮಗುವಿನ ಎದೆಗೆ ಕಿವಿ ಹಚ್ಚಿ ಬಹಳ ಹೊತ್ತು ಬಗ್ಗಿದ್ದಳು. ಆಮೇಲೆ ಬಟ್ಟೆಯನ್ನು ಮುಖದವರೆಗೂ ಎಳೆದಳು.

ಸಂಜೆ ಮಣ್ಣು ಮಾಡಿ ಗಂಡಸರು ಮರಳಿದರು. ಚೊಚ್ಚಲು ಹೋದರೆ ತಾಯಿ ಅಳುವಂತೆಯೂ ಇಲ್ಲ. ಲಂತಾನಾ ಅಂಗಳದ ನಡುವೆ ನಿಂತು ಫುರೇರಾ, ಫುರೇರಾ ಎಂದು ಕೂಗುತ್ತಿದ್ದಳು. ನೆರೆಯ ಮುದುಕಿಯೊಬ್ಬಳು "ನಾಚಿಕೆ ಇಲ್ವೇನೇ?" ಎಂದಳು.

"ಕೂಗ್ಲಿ ಬಿಡೇ" ಎಂದರು ಅತ್ತೆ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಇನ್ನೂ ಅವರ ಸೊಂಟದಲ್ಲೇ ಇತ್ತು.